ಸಪೂರ ಪೈಪು, ಪಿನ್ನಿನ ತೂತು

ಶೆಡ್ಡಿನಲ್ಲಿ ಬಣ್ಣದ ಡಬ್ಬಗಳ ಹಿಂದೆ ಆ ಪೈಪಿನ ಸುರುಳಿ ಸಿಕ್ಕಾಗ ನಾನು ಮೊದಲು ಮಾಡಿದ್ದು ಅದನ್ನು ಮೂಸಿ ನೋಡಿದ್ದು. ಹಳೆಯ ರೇನ್‌ಕೋಟಿನ ವಾಸನೆ, ಅದರ ಅಡಿಯಲ್ಲಿ ಒಂದಿಷ್ಟು ಸೀಮೆಎಣ್ಣೆ. ಸಿಹಿಯ ಸುಳಿವೇ ಇರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಕತ್ತಲಲ್ಲಿ ಬಿದ್ದುಕೊಂಡಿದ್ದ ವಸ್ತುವಿನಿಂದ ನಾನು ಏನನ್ನು ಬಯಸಿದ್ದೆನೋ ತಿಳಿಯದು. ಪೆನ್ಸಿಲು ಕೂಡ ತೂರದಷ್ಟು ಸಪೂರ ಪೈಪು ಅದು. ಒಂದು ಕಾಲದಲ್ಲಿ ಗಾಜಿನಂತೆ ಕಾಣುತ್ತಿದ್ದದ್ದು ಈಗ ಚಹಾದ ಬಣ್ಣಕ್ಕೆ ತಿರುಗಿತ್ತು. ಮೂಸುತ್ತಿದ್ದಂತೆ ನನ್ನ ಬೆರಳುಗಳು ತಾವಾಗಿಯೇ ಅದರ ಉದ್ದಕ್ಕೂ ಹರಿದು ಏನನ್ನೋ ಹುಡುಕತೊಡಗಿದವು. ಏನನ್ನು ಎಂಬುದು ನನಗೆ ಗೊತ್ತಿತ್ತು. ಇನ್ಯಾರಿಗೂ ಗೊತ್ತಿರಲಿಲ್ಲ.

ಇಂಗ್ಲೆಂಡಿನ ಡರ್ಬಿಯ ಈ ಮನೆ ನನ್ನ ಸೋದರಮಾವನದು. ನನ್ನ ತಾಯಿ ತೀರಿಕೊಂಡ ಮೇಲೆ, ಹತ್ತು ವರ್ಷದವನಾಗಿದ್ದ ನನ್ನನ್ನು ಮಾವ ಉಡುಪಿಯ ಕಡೆಯ ನಮ್ಮ ಊರಿನಿಂದ ಇಲ್ಲಿಗೆ ಕರೆಸಿಕೊಂಡರು. ಮಾವನದ್ದೆಲ್ಲ ಅಳಿಯನಿಗೆ ಎನ್ನುವುದು ನಮ್ಮವರ ಹಳೆಯ ಕಟ್ಟಳೆ. ಅವರಿಗೆ ಮಕ್ಕಳಿರಲಿಲ್ಲ. ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಸಾಲುಮನೆಯ ಹಿತ್ತಲಿಗೆ ತಾಗಿಕೊಂಡು ಒಂದು ಇಳಿಜಾರು. ಅದರ ನೆತ್ತಿಯಲ್ಲಿ ಐದು ಸಿಕಮೋರ್ ಮರಗಳು. ಇಳಿಜಾರೂ ಮರಗಳೂ ಅದರ ಮೇಲಿನ ಮನೆಯ ಮುದುಕಿ ಮಿಸೆಸ್ ವಾರ್ಡ್ ಅವರಿಗೆ ಸೇರಿದ್ದವು. ಅಡುಗೆಮನೆಯಲ್ಲಿ ಅತ್ತೆ ಬಂಗುಡೆ ಮೀನು ಹುರಿದರೆ ಆ ಮುದುಕಿ ಕಿಟಕಿ ಮುಚ್ಚುತ್ತಿದ್ದರು, ಕ್ರಿಸ್‌ಮಸ್ಸಿಗೆ ಮಾತ್ರ ತಪ್ಪದೆ ಕೇಕು ಕಳಿಸುತ್ತಿದ್ದರು. ಅತ್ತೆಯ ತಾಂಬೂಲದ ಪೆಟ್ಟಿಗೆ, ಮಾವನ ಎಣ್ಣೆಗಪ್ಪು ಉಗುರು, ರೇಡಿಯೋದ ಮೇಲೆ ಹಾಸಿದ್ದ ಕಸೂತಿ ಬಟ್ಟೆ: ಒಂದೂ ಈಗ ಉಳಿದಿಲ್ಲ. ಗೋಡೆಗಳಿವೆ, ನಾನಿದ್ದೇನೆ, ಅಷ್ಟೆ. ಹಾಗೆ ಎಲ್ಲ ಹೋದ ಮನೆಯಲ್ಲಿ ವಾಸಿಸುವುದು ಹೇಗಿರುತ್ತದೆಂದು ಓದುವ ನಿಮಗೂ ಗೊತ್ತಿರಬಹುದು.

ಮಾವನ ಅಪ್ಪ, ಎಂದರೆ ನನ್ನ ಅಜ್ಜ, ತಾಳೆ ಮರ ಹತ್ತಿ ಸಿಹಿ ಕಳ್ಳು ಇಳಿಸುತ್ತಿದ್ದವರು. ಮಡಕೆಯ ಒಳಗೆ ಸುಣ್ಣ ಸವರಿ ಕಟ್ಟಿದರೆ ರಸ ಹುಳಿಯಾಗುವುದಿಲ್ಲ. ಅದನ್ನು ಕಾಸಿ, ತೆಂಗಿನ ಗೆರಟೆಗೆ ಹೊಯ್ದು ಬೆಲ್ಲ ಮಾಡುತ್ತಿದ್ದರು. ಇಪ್ಪತ್ತರ ಹರೆಯದಲ್ಲಿ ಮಾವ ಮರ ಹತ್ತುವುದಿಲ್ಲವೆಂದು ಹೇಳಿ ಮನೆ ಬಿಟ್ಟರು. ಆಮೇಲೆ ಅಜ್ಜ ಮಗನ ಜೊತೆ ಮಾತನ್ನೇ ಬಿಟ್ಟರು. ಶಾಲೆಯ ಮಾಸ್ತರರಿಂದ ಬರೆಸಿ ಕಳಿಸುತ್ತಿದ್ದ ಕಾಗದಗಳಲ್ಲಿ ನನ್ನ ಓದು, ನನ್ನ ಕೆಮ್ಮು ಎಲ್ಲವನ್ನೂ ವಿಚಾರಿಸುತ್ತಿದ್ದರು. ಮಗನ ಹೆಸರು ಇರುತ್ತಿರಲಿಲ್ಲ. ಮಾವ ಆ ಕಾಗದಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಮುಗಿದ ಮೇಲೆ, "ಇನ್ನೆಂತ ಇಲ್ಲವಾ? ಹಿಂದೆ ತಿರುಗಿಸಿ ನೋಡು ಮಗಾ," ಎನ್ನುತ್ತಿದ್ದರು.

ಒಂದು ಫೆಬ್ರವರಿಯ ಬೆಳಿಗ್ಗೆ ಗಾಳಿಗೆ ಮುರಿದ ಸಿಕಮೋರ್ ಕೊಂಬೆಯಿಂದ ನೀರು ತೊಟ್ಟಿಕ್ಕುವುದನ್ನು ಮಾವ ನೋಡಿದರು. ಮಳೆಯಿರಲಿಲ್ಲ. ಬೆರಳಿಗೆ ಹಚ್ಚಿ ನೆಕ್ಕಿದವರು ಅಲ್ಲೇ ನಿಂತುಬಿಟ್ಟರು. ಅದು ಮೇಪಲ್ ಜಾತಿಯದೇ ಮರ, ರಾತ್ರಿ ಹಿಮಗಟ್ಟಿ ಹಗಲು ಬಿಸಿಲಾದರೆ ಅದರಲ್ಲಿ ರಸ ಏರುತ್ತದೆ ಎಂದು ಅವರಿಗೆ ತಿಳಿದದ್ದು ಆಮೇಲೆ, ಕಾರ್ಖಾನೆಯ ಒಬ್ಬ ಕೆನಡಾದವನಿಂದ. ಮರಗಳನ್ನು ಕೊಲ್ಲದಿದ್ದರೆ ಸಾಕು ಎಂದರು ಮಿಸೆಸ್ ವಾರ್ಡ್. ಮಾವ ಮರಕ್ಕೊಂದು ಸಣ್ಣ ಕಂಡಿ ಕೊರೆದು ಡಬ್ಬ ಕಟ್ಟಿದರು. ಕಟ್ಟುವ ಮೊದಲು ಅಜ್ಜನ ಹಾಗೆ ಮರದ ಬುಡ ಮುಟ್ಟಿ ಹಣೆಗೊತ್ತಿಕೊಂಡರು, ಅಜ್ಜನ ಹಾಗೆಯೇ ಡಬ್ಬದ ಒಳಗೆ ಸುಣ್ಣವನ್ನೂ ಬಳಿದರು. ಆ ಚಳಿಯಲ್ಲಿ ಯಾವ ರಸ ಹುಳಿಯಾಗಬೇಕು? ಸಂಜೆ ಇಳಿಸಿದರೆ ಡಬ್ಬದ ತುಂಬ ಬೆಳ್ಳಗಿನ ಕಹಿ ನೀರು.

"ನನ್ನ ವೀಳ್ಯದ ಸುಣ್ಣ ಪೂರಾ ಮರಕ್ಕೆ ತಿನ್ನಿಸಿದಿರಲ್ಲ," ಎಂದರು ಅತ್ತೆ. "ಇನ್ನು ಎಲೆ ಅಡಿಕೆಯನ್ನೂ ಅದಕ್ಕೇ ಕೊಡಿ."

ಊರಿನವನೇ ಆದ ಶೀನಣ್ಣ ಬಂದವನು ಹಿತ್ತಲಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕ. "ಅಲ್ಲ ಮಾರಾಯ, ಅಲ್ಲಿ ಬೇಡ ಅಂತ ಬಿಟ್ಟು ಓಡಿ ಬಂದದ್ದು. ಇಲ್ಲಿ ಬಿಳಿಯರ ಮರಕ್ಕೆ ಮಡಕೆ ಕಟ್ಟುವುದಾ?"

ಮಾವ ನಗಲಿಲ್ಲ. "ನೀನು ಊರಿಗೆ ಹೋಗುವಾಗ ಒಂದು ಗೆರಟೆ ಬೆಲ್ಲ ಕೊಡ್ತೇನೆ ಶೀನ. ಅಪ್ಪನ ಕೈಗೆ ಕೊಡು. ಯಾವ ಮರದ್ದು ಅಂತ ಹೇಳು, ಸಾಕು." ಶೀನಣ್ಣನ ನಗುವೂ ನಿಂತಿತು. ಅವನು ಹೊರಡಲು ಮೂರು ವಾರವಿತ್ತು.

ಒಂದೊಂದೇ ಡಬ್ಬ ಇಳಿಸುವುದು ಕೆಲಸಕ್ಕೆ ಹೋಗುವವರಿಗೆ ಆಗುವ ಮಾತಲ್ಲ. ಮಾವ ತೋಟಕ್ಕೆ ನೀರು ಬಿಡುವ ದಪ್ಪ ಪೈಪನ್ನು ಮರದಿಂದ ಮರಕ್ಕೆ ಕಟ್ಟಿ ಹಿತ್ತಲಿನ ಬಕೆಟ್ಟಿಗೆ ಇಳಿಸಿದರು. ಮರ ತಾನಾಗಿ ಕೊಟ್ಟಷ್ಟು ಮಾತ್ರ ಬಂತು. ಆಮೇಲೆ ಕಾರ್ಖಾನೆಯಲ್ಲಿ ಬಿಸಾಡಿದ್ದ ಈ ಸಪೂರ ಪೈಪು ತಂದರು. ಇಷ್ಟು ಸಣ್ಣದರಲ್ಲಿ ಏನು ಬಂದೀತು ಎಂದುಕೊಂಡೆ. ಆದರೆ ಬಕೆಟ್ಟು ತುಂಬಿತು! ಮಾವ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು: ಪೈಪಿನೊಳಗೆ ರಸವೂ ಗಾಳಿಗುಳ್ಳೆಯೂ ಒಂದರ ಹಿಂದೊಂದು, ಪೋಣಿಸಿದ ಮಣಿಗಳಂತೆ ಇಳಿಯುತ್ತಿದ್ದವು. ದಪ್ಪ ಪೈಪಿನಲ್ಲಿ ಗಾಳಿ ಮೇಲಿಂದ ಸರಿದುಹೋಗುತ್ತದೆ, ಇಲ್ಲಿ ಒಂದನ್ನೊಂದು ದಾಟಲು ಜಾಗವಿಲ್ಲ. "ಕೆಳಗೆ ಹೋಗುವವ ಮೇಲಿನವನ ಕೈ ಬಿಡುವುದಿಲ್ಲ. ಎಳ್ಕೊಂಡೇ ಹೋಗ್ತಾನೆ," ಎಂದು ಮೇಲ್ತುದಿಯನ್ನು ಮರದಿಂದ ಬಿಡಿಸಿ ನನ್ನ ಬೆರಳನ್ನು ಅದಕ್ಕೆ ಒತ್ತಿದರು. ಪೈಪು ಬೆರಳನ್ನು ಕಚ್ಚಿ ಹಿಡಿಯಿತು. ಎಳೆಯ ಕರು ಚೀಪಿದ ಹಾಗೆ. ನಾನು ಬೆರಗಾಗಿ ಕೂಗಿದೆ. ಮಾವ ಅಷ್ಟು ಖುಷಿಯಲ್ಲಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

ರಸವನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. "ಅಜ್ಜನ ಬಾಯಿಗೆ ಬೀಳುವ ಮೊದಲು ನಮಗೆ ಒಂದು ಹನಿಯೂ ಬೇಡ." ಅದು ಅವರ ಹರಕೆ. ನಾನು ಹನ್ನೊಂದರ ಹುಡುಗ. ಮೂರನೆಯ ದಿನ ಶಾಲೆಯಿಂದ ಬಂದವನು ಅತ್ತೆಯ ಸೀರೆಯ ಪಿನ್ನು ಕದ್ದುಕೊಂಡು ಇಳಿಜಾರು ಹತ್ತಿದೆ. ಎರಡನೆಯ ಮರದ ಬಳಿ, ಪೈಪಿನ ಅಡಿಯ ಬದಿಗೆ ಚುಚ್ಚಿ ಬಾಯಿ ಇಟ್ಟೆ. ಏನೂ ಬರಲಿಲ್ಲ. ಬದಲಿಗೆ, ಯಾರೋ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡಂತೆ ಸಣ್ಣ ಸದ್ದಾಯಿತು. ತೂತು ಹನಿಯನ್ನು ಹೊರಗೆ ಬಿಡುವ ಬದಲು ಗಾಳಿಯನ್ನು ಒಳಗೆ ಕುಡಿಯುತ್ತಿತ್ತು. ಅದನ್ನು ನೋಡುತ್ತ ಬಾಯಾರಿಕೆಯೇ ಮರೆತುಹೋಯಿತು. ಮತ್ತೆ ಚುಚ್ಚಿದೆ, ಪಿನ್ನು ತಿರುಗಿಸಿ ದೊಡ್ಡದು ಮಾಡಿದೆ, ಕಿವಿಯಿಟ್ಟು ಕೇಳಿದೆ.

ಮರುದಿನ ಬಕೆಟ್ಟಿನ ತಳ ಮಾತ್ರ ಒದ್ದೆಯಾಗಿತ್ತು. ಮಾವ ಕೆಲಸದ ಬಟ್ಟೆಯಲ್ಲೇ ಮೇಲೆ ಹತ್ತಿ ಒಂದೊಂದು ಜೋಡಣೆಯನ್ನೂ ಬಿಚ್ಚಿ ಕಟ್ಟಿದರು, ಕೆನ್ನೆ ಒದ್ದೆ ಮಾಡಿಕೊಂಡು ಪೈಪಿಗೆ ಹಿಡಿದು ಗಾಳಿ ಹುಡುಕಿದರು. ಎರಡನೆಯ ಮರದ ಹತ್ತಿರ ಅವರ ಕೆನ್ನೆ ತೂತಿಗೆ ಒಂದು ಗೇಣಿನಷ್ಟು ಸಮೀಪ ಬಂದಿತ್ತು. ನಾನು ಸ್ಪ್ಯಾನರ್ ಹಿಡಿದುಕೊಂಡು ನಿಂತಿದ್ದೆ.

"ಮಗಾ, ನೀನು ಎಂತಾದರೂ ನೋಡಿದ್ದುಂಟಾ? ಅಳಿಲು ಗಿಳಿಲು?"

"ಇಲ್ಲ ಮಾವ."

ಇದೇ ನನ್ನ ತಪ್ಪೊಪ್ಪಿಗೆ. ಚುಚ್ಚಿದ್ದು ಹುಡುಗುತನ, ಅದನ್ನು ಯಾರಾದರೂ ಕ್ಷಮಿಸಿಯಾರು. ಬಯ್ಗುಳದ ಭಯಕ್ಕೆ ಹೇಳಿದ ಆ ಎರಡು ಶಬ್ದಗಳನ್ನು ಮಾತ್ರ ಇಷ್ಟು ವರ್ಷ ಹೊತ್ತಿದ್ದೇನೆ. ಶನಿವಾರದ ಹೊತ್ತಿಗೆ ಗಾಳಿ ಬೆಚ್ಚಗಾಗಿ ಮರಗಳಲ್ಲಿ ಮೊಗ್ಗು ಒಡೆಯಿತು. ಮೊಗ್ಗೊಡೆದ ಮೇಲೆ ರಸ ಮುಗಿಯಿತು. ಸೋಮವಾರ ಶೀನಣ್ಣನ ಪ್ರಯಾಣ. ಇದ್ದಷ್ಟನ್ನೇ ಮಾವ ಹಿತ್ತಲಿನ ಸ್ಟವ್ವಿನ ಮೇಲೆ ಕಾಸಿದರು. ಅಷ್ಟು ದೊಡ್ಡ ಪಾತ್ರೆಗೆ ಅಷ್ಟು ಕಡಿಮೆ ಪಾಕ; ಕಣ್ಣು ಮುಚ್ಚಿ ತೆಗೆಯುವುದರೊಳಗೆ ತಳ ಹಿಡಿಯಿತು. ತೊಳೆದಿಟ್ಟ ಗೆರಟೆ ಕಿಟಕಿಯಲ್ಲಿ ಖಾಲಿ ಉಳಿಯಿತು.

ಆ ಮಳೆಗಾಲದಲ್ಲೇ ಅಜ್ಜ ತೀರಿಕೊಂಡರು. ಮಾಸ್ತರರು ಬರೆದ ಕಾಗದವನ್ನು ನಾನೇ ಓದಿದೆ. ಮಾವ ಹಿಂದೆ ತಿರುಗಿಸಿ ನೋಡೆನ್ನಲಿಲ್ಲ. ಪೈಪನ್ನು ಸುತ್ತುತ್ತ, "ಹತ್ತದವನಿಗೆ ಮರ ಕೊಡುವುದಿಲ್ಲ," ಎಂದರು. ಮರುವರ್ಷ ಅತ್ತೆ, "ಇನ್ನೊಮ್ಮೆ ಕಟ್ಟಿ ನೋಡಿ, ಸುಣ್ಣ ಬೇಕಾದರೂ ಕೊಡ್ತೇನೆ," ಎಂದು ನಗಿಸಲು ನೋಡಿದರು. ಮಾವ ಕಟ್ಟಲಿಲ್ಲ. ಮತ್ತೆ ಮೂವತ್ತು ವರ್ಷ ಬದುಕಿದರು, ನನ್ನನ್ನು ಓದಿಸಲು ನೋಡಿದರು, ನಾನು ಹೈಸ್ಕೂಲಿಗೇ ನಿಲ್ಲಿಸಿದಾಗಲೂ ಗದರಲಿಲ್ಲ. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತು ಹೇಳಿಬಿಡಬೇಕೆಂದುಕೊಂಡಾಗೆಲ್ಲ ಅವರಿಗೆ ನಿದ್ದೆ ಬಂದಿರುತ್ತಿತ್ತು. ಅಥವಾ ನಿದ್ದೆ ಬರಲಿ ಎಂದು ನಾನೇ ಕಾಯುತ್ತಿದ್ದೆ.

ಈ ಫೆಬ್ರವರಿಯಲ್ಲಿ ಮೊಮ್ಮಗಳು ಮೀರಾ ರಜೆಗೆ ಬಂದಿದ್ದಳು. ಪೈಪನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಇಬ್ಬರೂ ಇಳಿಜಾರು ಹತ್ತಿದೆವು. ಮೇಲಿನ ಮನೆಯ ಈಗಿನ ದಂಪತಿ ನಗುತ್ತ ಒಪ್ಪಿದರು. ಐದರಲ್ಲಿ ಮೂರು ಮರ ಉಳಿದಿವೆ; ಅವಕ್ಕೆ ಕಂಡಿ ಕೊರೆದು, ಪೈಪು ಕಟ್ಟಿ ಹಿತ್ತಲಿನ ಬಕೆಟ್ಟಿಗೆ ಇಳಿಸಿದೆವು. ಹಳೆಯ ತೂತು ಅಡಿಯ ಬದಿಯಲ್ಲಿ ಹಾಗೆಯೇ ಇತ್ತು. ಅದಕ್ಕೆ ಟೇಪಿನ ಗುರುತಾಗಲಿ, ನೂಲಿನ ಗಂಟಾಗಲಿ ಇರಲಿಲ್ಲ. ಮಾವನಿಗೆ ಕೊನೆಯವರೆಗೂ ಅದು ಸಿಕ್ಕಿರಲಿಲ್ಲ. ಮರವೇ ತಮಗೆ ಕೊಡಲಿಲ್ಲವೆಂದು ನಂಬಿಯೇ ಅವರು ಹೋದರು.

ನಾನು ತೂತಿನ ಮೇಲೆ ಬೆರಳಿಟ್ಟೆ.

"ವಾಟ್ ಆರ್ ಯು ಡೂಯಿಂಗ್, ಅಜ್ಜಾ?" ಎಂದಳು ಮೀರಾ.

ಹೇಳಿದೆ. ಬದುಕಿನಲ್ಲಿ ಮೊದಲ ಸಲ, ನನ್ನ ಕನ್ನಡ ಅರ್ಧ ಅರ್ಥವಾಗುವ ಹತ್ತು ವರ್ಷದ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅವಳು, "ಬಟ್ ಯು ವರ್ ಜಸ್ಟ್ ಥರ್ಸ್ಟಿ," ಎಂದಳು.

"ಬಾಯಾರಿದ್ದು ಚುಚ್ಚುವಾಗ ಮಗಾ. ಇಲ್ಲ ಅನ್ನುವಾಗ ಅಲ್ಲ."

ಅವಳು ಜೇಬಿನಿಂದ ಟೇಪು ತೆಗೆದು ನನ್ನ ಮುಂದೆ ಹಿಡಿದಳು. ತೆಗೆದುಕೊಳ್ಳಬೇಕಿತ್ತು. ಆದರೆ ಪೈಪು ನನ್ನ ಬೆರಳನ್ನು ಒಳಗಿನಿಂದ ಹಿಡಿದುಕೊಂಡಿತ್ತು, ಮೆಲ್ಲಗೆ, ಬಿಡದೆ. ಕೆಳಗಿನ ಹಿತ್ತಲಲ್ಲಿ ಹನಿಗಳು ಬಕೆಟ್ಟಿಗೆ ಬೀಳುವ ಸದ್ದು ಒಂದರ ಬೆನ್ನಿಗೊಂದು ಕೇಳಿಸತೊಡಗಿತು. ಚಳಿಗೆ ಉಗುರು ನೀಲಿಯಾಗುವವರೆಗೂ ನಾನು ಬೆರಳು ತೆಗೆಯಲಿಲ್ಲ.