ಅನ್ನವ್ವ ಕಾಕಿ ಬಿಚ್ಚಿದ ಕೌದಿಗಳು

ಅನ್ನವ್ವ ಕಾಕಿ ಹೊಲಿದ ಕೌದಿ ಹೊದ್ದುಕೊಳ್ಳದೆ ನಮ್ಮೂರಲ್ಲಿ ಯಾರೂ ದೊಡ್ಡವರಾಗಿಲ್ಲ. ಕೂಸು ಹುಟ್ಟಿದರೆ ಒಂದು, ಲಗ್ನವಾದರೆ ಒಂದು. ಹಳೇ ಸೀರೆ ಒಂದರ ಮೇಲೊಂದು ಹಾಸಿ, ಅಂಗಳದಲ್ಲಿ ಕಾಲು ಚಾಚಿ ಕೂತು, ಹೋಗಿಬರುವವರನ್ನೆಲ್ಲ ಕೆಣಕುತ್ತ ಹೊಲಿಯುತ್ತಾಳೆ. ಕಡೆಯ ಮೂಲೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಜೋಳ ಹಾಕುತ್ತಾಳೆ, ಕೌದಿ ಹಸಿದಿರಬಾರದಂತೆ. ಗಂಡ ಹೊಳೆಪ್ಪ ಇರುವ ತನಕ ನಮ್ಮ ದೊಡ್ಡಾಟದ ಮೇಳಕ್ಕೆ ಮದ್ದಲಿ ಬಾರಿಸಿದವ. ಆಟದ ಸಾಮಾನೆಲ್ಲ ಅವರ ಮನೆಯಲ್ಲೇ ಇರುತ್ತಿತ್ತು. ನಾನು ರಾಕ್ಷಸನ ಪಾತ್ರದವ. ಸಿಟ್ಟು ನನಗೆ ಬಣ್ಣ ಹಚ್ಚದೆಯೂ ಬರುತ್ತದೆ.

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಬಂತು. ಪ್ರಧಾನರಾದ ಈರಬಸಪ್ಪಗೌಡರು ಊರ ಮುಂದಿನ ಆಟದ ಬಯಲಿನಲ್ಲಿ ಗೋಡೌನು ಕಟ್ಟಿಸುತ್ತೇವೆ ಅಂದರು. ಕುಂದಗೋಳದಿಂದ ಬಂದ ಓವರಸಿಯರ್ ಪಂಢರಿನಾಥರಾಯರು ಜಮೀನಿನ ಉತಾರ ತೆಗೆದು ತೋರಿಸಿದರು.

"ಇದರಾಗ ಬರೇ ಬೀಳು ಜಮೀನು ಅಂತ ಅದರಿ. ಆಟದ ಜಾಗಾ ಅಂತ ಎಲ್ಲೆರೆ ಬರದಿದ್ರ ತೋರಸ್ರಿ. ಸೋಮವಾರ ಅಳತಿಗೆ ಬರ್ತೀನಿ."

"ನಮ್ಮಜ್ಜ ಕುಣದ ಜಾಗಾರಿ ಇದು!" ಎಂದು ಚೀರಿದೆ.

"ಅಜ್ಜ ಕುಣದದ್ದು ಬರದಿಟ್ಟಾರೇನ್ರಿ?"

ಮೆಲ್ಲಗೇ ಕೇಳಿದರು. ಅದಕ್ಕೇ ನನಗೆ ಮತ್ತಷ್ಟು ಸಿಟ್ಟು. ಆಗ ನೆನಪಾಯಿತು: ನಮ್ಮ ರಂಗದ ಪರದೆ ಬರೆಯುತ್ತಿದ್ದ ಮಹಬೂಬಸಾಬ ಪ್ರತಿ ಪರದೆಯ ಬುಡದಲ್ಲಿ ಆಟದ ಜಾಗ, ಇಸವಿ, ದಾನಿಯ ಹೆಸರು ಬರೆಯುತ್ತಿದ್ದ! ಓಡಿದೆ.

"ಕಾಕಿ, ಹಳೇ ಪರದಿ ಎಲ್ಲಿಟ್ಟೀ ಬೇ?"

"ದಿನಾ ಹೊದಕೊಂಡು ಮಲಗತಿ, ಗೊತ್ತಿಲ್ಲೇನೋ ಮಡಿವಾಳೆಪ್ಪಾ?"

ಹರಿದ ಪರದೆಗಳನ್ನೆಲ್ಲ ಆಕೆ ಕೌದಿಗಳ ಹೊಟ್ಟೆಗೆ ಹಾಕಿದ್ದಳು. ಬಣ್ಣ ಮೈಗೆ ಚುಚ್ಚುತ್ತದೆಂದು ಬರೆದ ಮಗ್ಗಲು ಒಳಗೆ. ಅಂದರೆ ನಮ್ಮ ದೊಡ್ಡಾಟದ ದಫ್ತರವೆಲ್ಲ ಊರವರ ಮೈಮೇಲೆ! ನಾನು ನೆಲಕ್ಕೆ ಕೂತು ಬಿದ್ದುಬಿದ್ದು ನಕ್ಕೆ.

"ಬಿಚ್ಚೂಣು ನಡಿ."

"ಕೈ ಹಚ್ಚಿ ನೋಡು, ಸೂಜೀಲೆ ಚುಚ್ಚತೇನಿ! ಕಣ್ಣು ಮಂಜಾಗೂ ಮಟಾ ಹೊಲದೇನಿ." ಮತ್ತೆ ನಾಲ್ಕು ಹೊಲಿಗೆ ಹಾಕಿ ಕೇಳಿದಳು: "ಗೋಡೌನ್ ಆದ್ರ ಆಟ ಎಲ್ಲಿ ಆಡತೀರಿ?"

"ಎಲ್ಲೂ ಇಲ್ಲ."

"ಹಂಗಾರ ಹೊಸಾ ಪರದೀನೂ ಇಲ್ಲ, ಕೌದಿಗೆ ಹರಕ ಪರದೀನೂ ಇಲ್ಲ..." ಎಂದವಳೇ ಎದ್ದಳು. "ಬ್ಲೇಡ್ ತಗೊಂಬಾ. ಮದಲ ನಿಂದ ಬಿಚ್ಚತೇನಿ."

ಆಮೇಲೆ ಊರಲ್ಲಿ ಎದ್ದ ಗದ್ದಲ ಏನು ಹೇಳಲಿ! ಜ್ವರದಲ್ಲಿ ಮಲಗಿದ್ದ ಮಲಕಪ್ಪ ಮುದುಕ ತನ್ನ ಕೌದಿಯ ತುದಿ ಹಿಡಿದು "ಲೇ, ನಾ ಇನ್ನೂ ಸತ್ತಿಲ್ರೋ!" ಎಂದು ಜಗ್ಗಾಡಿದ. ಪರದೆಯ ಮೇಲಿನ ರಾವಣನ ಐದು ತಲೆ ನಮ್ಮ ಮನೆಯ ಕೌದಿಯಲ್ಲಿದ್ದವು, ಮಿಕ್ಕ ಐದು ಅವನ ಕೌದಿಯಲ್ಲಿ!

ಸೋಮವಾರ ಬಯಲ ತುಂಬ ಕೌದಿ ಬಿಚ್ಚಿ ಹಾಸಿದೆವು. ರಾಯರು ಚಪ್ಪಲಿ ಕಳಚಿ ನಡುನಡುವೆ ಓಡಾಡಿ ಇಸವಿ ಓದಿದರು. ಗೌಡರು ಕೆಂಡವಾದರು.

"ಚಿಂದಿ ಅರಿವಿ ತೋರಿಸಿ ಸರಕಾರಾ ಹೆದರಸ್ತೀರೇನ್ಲೇ?"

ನನ್ನ ಕೈ ಮೇಲೆದ್ದಿತ್ತು. ಅಷ್ಟರಲ್ಲಿ ಗೌಡರ ಹೆಂಡತಿ ಶಿವಗಂಗವ್ವ ತಲೆಯ ಮೇಲೆ ಕೌದಿ ಹೊತ್ತು ಬಂದಳು. "ಅನ್ನವ್ವಾ, ನಮ್ಮದೂ ಬಿಚ್ಚು ಬೇ. ನಮ್ಮ ಲಗ್ನದಾಗ ನೀನ ಕೊಟ್ಟದ್ದು."

ಕಾಕಿ ಸರ್ರನೆ ಸೀಳಿದಳು. ಮೊದಲು ಜೋಳದ ಕಾಳು ಉದುರಿದವು, ಆಮೇಲೆ ಅಕ್ಷರ ಕಂಡವು: 'ಆಟದ ಬಯಲಿಗೆ ಚನವೀರಪ್ಪ ಕೊಟ್ಟ ಪರದೆ, ೧೯೪೮'. ಗೌಡರ ಅಪ್ಪ! ಗೌಡರು ಚಾಳೀಸು ಹಾಕಿಕೊಂಡು ಒಮ್ಮೆ ಓದಿದರು. ದೂರ ನಿಂತವರಿಗೆ ಕೇಳಲೆಂದು ಮತ್ತೊಮ್ಮೆ ಗಟ್ಟಿಯಾಗಿ ಓದಿದರು.

"ಬರಕೊಳ್ಳಲೇನ್ರಿ?" ಅಂದರು ರಾಯರು.

"ಬರಕೋರಿ, ಆಟದ ಬಯಲು ಅಂತ. ಮತ್ತ ಚನವೀರಪ್ಪ 'ಗೌಡ್ರು' ಅಂತ ಬರೀರಿ. ಪರದಿ ಬರದ ಸಾಬ ಅದನ್ನ ಬಿಟ್ಟಾನ!"

ಗೋಡೌನು ಗುಡಗೇರಿ ರಸ್ತೆಗೆ ಹೋಯಿತು. ನಾನು ಮದ್ದಲಿ ಇಲ್ಲದೇ ಕುಣಿದೆ. ಗೌಡರೂ ಧೋತರ ಎತ್ತಿ ಎರಡು ಹೆಜ್ಜೆ ಹಾಕಿದರು.

"ಕುಣದದ್ದು ಸಾಕು!" ಚಿಂದಿಯ ರಾಶಿಯ ನಡುವಿನಿಂದ ಕಾಕಿ ಕೂಗಿದಳು. "ಥಂಡಿ ಬಂತು. ಇಷ್ಟೆಲ್ಲಾ ಯಾರು ಹೊಲೀಬೇಕು?"

ಗಂಡಸರಿಗೆಲ್ಲ ಒಂದೊಂದು ಸೂಜಿ ಹಂಚಿದಳು. ಗೌಡರಿಗೂ. "ಬರದ ಮಗ್ಗಲಾ ಮ್ಯಾಲೆ ಇರಲಿ. ಚುಚ್ಚಿದ್ರ ಚುಚ್ಚಲಿ."

ನನಗೆ ಕೌದಿಗಿಂತ ಮುಂಚೆ ಸೂಜಿ ಚುಚ್ಚಿತು. ಅಬ್ಬರಿಸಿದೆ. ಕಾಕಿ ಬಗ್ಗಿ ನೋಡಿದಳು.

"ರಾಕ್ಷಸನ ಹೊಲಿಗಿ ನೋಡ್ರೆವ್ವಾ, ಒಂದೊಂದು ಗೇಣುದ್ದ! ಬಿಚ್ಚು ಲೇ."

ಬಿಚ್ಚಿದೆ.