ತಪಾಸಣೆಗೆ ಸಿಕ್ಕಿದ ಲ್ಯಾಬ್ ಮೇಡಂ

ರಾಮನಗರದ ಆಚೆ, ನಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆಲ್ಲ ಇದ್ದವರು ಲ್ಯಾಬ್ ಮೇಡಂ ಒಬ್ಬರೇ. ಲ್ಯಾಬು ಅಂದರೆ ಹಳೆಯ ಉಗ್ರಾಣ; ಅವರು ಕುರ್ಚಿಯಲ್ಲಿ ಕೂತರೆ ಫ್ರಿಜ್ಜಿನ ಬಾಗಿಲು ತೆರೆಯಲು ಆಗುತ್ತಿರಲಿಲ್ಲ. "ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಬೇಕು, ಬಿರ್ರನೆ ರಿಪೋರ್ಟ್ ಕೊಡವ್ವ" ಎಂದು ಯಾರಾದರೂ ಕಿಟಕಿಗೆ ಬಂದರೆ, ಸಿರಿಂಜು ಹಿಡಿದ ಕೈಯನ್ನೇ ಎತ್ತಿ ತೋರಿಸಿ, "ನಂಗೇನ್ ನಾಕ್ ಕೈ ಅವಾ?" ಎನ್ನುತ್ತಿದ್ದರು.

ಒಂದು ಸೋಮವಾರ ಅವ್ವನನ್ನು ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಕರೆದೊಯ್ದರೆ ಲ್ಯಾಬಿಗೆ ಬೀಗ. ಪಕ್ಕದೂರಿನ ಆಸ್ಪತ್ರೆಗೆ ಜಿಲ್ಲೆಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರಂತೆ, ಅಲ್ಲಿ ಟೆಕ್ನಿಷಿಯನ್ನೇ ಇಲ್ಲವಂತೆ, ಅದಕ್ಕೆ ನಮ್ಮ ಆಸ್ಪತ್ರೆಯ ಡಾಕ್ಟರು ಇವರನ್ನು ಮೈಕ್ರೋಸ್ಕೋಪಿನ ಸಮೇತ ಅಲ್ಲಿಗೆ ಕಳಿಸಿದ್ದರಂತೆ. ನನಗೆ ಮೈಯೆಲ್ಲ ಉರಿಯಿತು.

ಮರುದಿನವೂ ಅವ್ವ ಖಾಲಿ ಹೊಟ್ಟೆಯಲ್ಲೇ ಬಂದಳು. ಮೇಡಂ ಅವಳ ತೋಳಿಗೆ ಪಟ್ಟಿ ಬಿಗಿಯುವಷ್ಟರಲ್ಲಿ ಅದೇ ಸಾಹೇಬರು ಬಾಗಿಲಿಗೆ ಬಂದು ನಿಂತರು. ಒಳಗೆ ಬರಲು ಜಾಗ ಇರಲಿಲ್ಲ.

"ನಿಮ್ಮನ್ನ ನಿನ್ನೆ ಆ ಆಸ್ಪತ್ರೇಲಿ ನೋಡಿದ್ನಲ್ಲಮ್ಮ?" ಎಂದರು.

ಅವರ ಹಿಂದೆ ನಿಂತಿದ್ದ ನಮ್ಮ ಡಾಕ್ಟರು ಗೋಡೆಯ ಕಡೆ ತಿರುಗಿದರು. ಮೇಡಂ ಅವ್ವನ ತೋಳಿನಿಂದ ಕಣ್ಣೆತ್ತಲಿಲ್ಲ.

"ಊಂ ಸಾ, ಈ ಮೈಕ್ರೋಸ್ಕೋಪ್ನೂ ನೋಡಿದ್ರಿ. ನಾಳೆ ಯಾವೂರಿಗೆ ಹೋಯ್ತೀರಿ ಅಂತ ಹೇಳ್ಬುಡಿ. ನಾವಿಬ್ರೂ ಬೆಳಗಿನ ಬಸ್ಸಿಗೇ ಬಂದ್ಬುಡ್ತೀವಿ."