ಚಿನ್ನಯ್ಯನ ಮೈಲುತುತ್ತಿನ ಮಡಕೆ

ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಬಿಡಲು ಬರುತ್ತಿದ್ದ ಚಿನ್ನಯ್ಯ ಮಡಂತ್ಯಾರಿನವನು. ಮೈಲುತುತ್ತಿಗೆ ಅವನಷ್ಟು ಹೆದರುವವನನ್ನು ನಾನು ಕಂಡಿಲ್ಲ. ಅದರ ನೀಲಿ ಹರಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಮಡಕೆಯ ನೀರಿಗೆ ಇಳಿಬಿಡುತ್ತಿದ್ದ. ಲೋಹದ ಪಾತ್ರೆಯಾದರೆ ಅದು ತಿಂದುಬಿಡುತ್ತದೆ. ಸುಣ್ಣದ ನೀರು ಬೆರೆಸಿದ ಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತಿದ್ದ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದರ್ಥ.

"ಅದೆಂತ ಮಂತ್ರ, ಚಿನ್ನಯ್ಯ?" ಎಂದು ನಗಾಡಿದ್ದೆ.

"ಮಂತ್ರ ಅಲ್ಲ ಅಕ್ಕ. ಬೆಲ್ಲ ಕರಗಿದರೂ ಬೆಲ್ಲವೇ, ನೀರಲ್ಲಿ ಚದುರ್ತದೆ ಅಷ್ಟೆ. ಇದು ಹಾಗಲ್ಲ. ನೀರು ಮುಟ್ಟಿದ ಕೂಡಲೇ ಒಡೆದು, ಒಳಗಿನ ತಾಮ್ರ ಬಿಡಿಯಾಗಿ ತಿರುಗ್ತಾ ಉಂಟು. ಕಬ್ಬಿಣ ಸಿಕ್ಕಿದರೆ ಹತ್ತಿ ಕೂರ್ತದೆ. ಕೃಷಿ ಆಫೀಸಿನವರು ಹೇಳಿದ್ದು."

ಐವತ್ತೆಂಟನೇ ಇಸವಿಯ ಆಟಿ ತಿಂಗಳು, ಜಡಿಮಳೆಯ ಕಾಲ. ಮಳೆ ಬಿಟ್ಟ ಮಧ್ಯಾಹ್ನ ಕೆಲಸದವರಿಗೆ ಪಾನಕ ಮಾಡಲೆಂದು ಬಾವಿಕಟ್ಟೆಯ ಮೇಲಿದ್ದ ಮಡಕೆಯನ್ನು ಎತ್ತಿಕೊಂಡೆ. ತಳದಲ್ಲಿ ಉಳಿದಿದ್ದ ಹರಳು ಅಡುಗೆಮನೆಯ ಮಬ್ಬಿನಲ್ಲಿ ಕಾಣಲಿಲ್ಲ. ಬೆಲ್ಲದ ಬಣ್ಣ ಆ ನೀಲಿಯನ್ನು ಮುಚ್ಚಿಬಿಟ್ಟಿತು. ಐದು ವರ್ಷದ ನನ್ನ ಮಗಳು ಕಾಂತಿ ಎಲ್ಲರಿಗಿಂತ ಮೊದಲು ಒಂದು ತೆಂಗಿನ ಚಿಪ್ಪಿನಷ್ಟು ಕುಡಿದಳು. "ಅಮ್ಮಾ, ಕಹಿ" ಎಂದವಳೇ ಬಗ್ಗಿ ಕಾರಿದಳು.

ಚಿನ್ನಯ್ಯ ಓಡಿಬಂದ. ಮಡಕೆಯ ಗುರುತು ಹತ್ತಿ ಅವನ ಮುಖ ಬಿಳುಚಿತು. ಕತ್ತಿಯನ್ನು ಪಾನಕಕ್ಕೆ ಇಳಿಸಿದ. ಬರೀ ಬೆಲ್ಲವೇ ಆಗಿರಲಿ ದೇವರೇ ಎಂದು ನಾನು ಕತ್ತಿಯನ್ನೇ ನೋಡುತ್ತಾ ನಿಂತೆ.

ಕತ್ತಿ ಕೆಂಪಾಯಿತು.

"ಎಂತ ಮಾಡಿದ್ರಿ ಅಕ್ಕ! ಹಾಲು ತನ್ನಿ, ಹಾಲು!"

ಹಾಲು ಕುಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಪೇಟೆಯ ಡಾಕ್ಟರಲ್ಲಿಗೆ ಓಡಿದ. ಹಿಂದೆ ನಾನು, ಸೆರಗು ಎಲ್ಲಿ, ಕಾಲು ಎಲ್ಲಿ ಎಂದು ಗೊತ್ತಿಲ್ಲ.

"ಮೈಲುತುತ್ತು ಅಂತ ತಿಳಿದದ್ದು ಒಳ್ಳೆಯದಾಯಿತು," ಎಂದರು ಡಾಕ್ಟರು. "ಹೆಚ್ಚಿನದ್ದು ವಾಂತಿಯಲ್ಲಿ ಹೋಗಿದೆ. ಆದರೆ ವಿಷ ಮೂತ್ರಪಿಂಡಕ್ಕೆ ತಾಗಿ ಮೂತ್ರ ನಿಂತರೆ ನನ್ನ ಕೈಯಲ್ಲಿ ಇಲ್ಲ. ಸಂಜೆಯವರೆಗೆ ನೋಡುವ."

ಮೂರು ಗಂಟೆ ಆಯಿತು. ನಾಲ್ಕಾಯಿತು. ಮಗುವಿನ ತುಟಿ ಒಣಗಿ ಬಿರಿದಿತ್ತು. ಚಿನ್ನಯ್ಯ ಚಮಚದಲ್ಲಿ ನೀರು ಬಿಡುತ್ತಲೇ ಇದ್ದ.

"ಮಡಕೆಯನ್ನು ನಾನು ಅಲ್ಲಿ ಬಿಟ್ಟದ್ದು ತಪ್ಪು," ಎಂದ.

ಅವನದಲ್ಲ, ನನ್ನದು ಎನ್ನಬೇಕಿತ್ತು.

ಐದೂವರೆಗೆ ಕಾಂತಿ ಕಣ್ಣು ಬಿಟ್ಟಳು. "ಅಮ್ಮಾ, ಉಚ್ಚೆ."

ನಾನು ಏಳುವುದರೊಳಗೆ ಚಿನ್ನಯ್ಯ ಅವಳನ್ನು ಎತ್ತಿಕೊಂಡಿದ್ದ. ಜಗಲಿಯವರೆಗೂ ತಲುಪಲಿಲ್ಲ, ಅವನ ಮುಂಡು ಪೂರಾ ಒದ್ದೆಯಾಯಿತು.

"ಹೊಯ್ಯಿ ಮಗಾ, ಇನ್ನೂ ಹೊಯ್ಯಿ," ಎನ್ನುತ್ತಾ ಅವನು ಅಲ್ಲೇ ನಿಂತು ಅತ್ತ.